ದೋಸ್ತನ ಸೀರೆ ಅಂಗಡಿಗೆ ಫೋಟೊ: ರೇಟು ಹೆಂಗ ಹೇಳೋದು?

ಬೆಳಕಿಂಡಿ:

ನಮಸ್ಕಾರ್ರಿ. ನಾ ಹುಬ್ಬಳ್ಳಿಯೊಳಗ ಪ್ರಾಡಕ್ಟ್ ಫೋಟೊಗ್ರಫಿ ಮಾಡತೇನಿ. ಕಾಲೇಜಿನ ದೋಸ್ತ ಒಬ್ಬಾವ ಪಾಲುದಾರನ ಜೋಡಿ ಇಳಕಲ್ ಸೀರಿ ಆನ್‌ಲೈನ್ ಮಾರಾಕ ಅಂಗಡಿ ಶುರು ಮಾಡಾಕತ್ತಾನ. ಒಟ್ಟು 40 ಸೀರಿ. ಒಂದೊಂದಕ್ಕ 5 ಫೋಟೊ ಬೇಕಂತ: ಮಡಚಿದ್ದು, ಸೆರಗು ಬಿಚ್ಚಿದ್ದು, ದಡಿ ಹತ್ತರದಿಂದ, ಒಡಲಿನ ನೇಯ್ಗಿ ಹತ್ತರದಿಂದ, ಖಣದ (ರವಿಕಿ ಅರಿವಿ) ಜೋಡಿ ಇಟ್ಟಿದ್ದು. ಅದರ ಮ್ಯಾಲ 8 ಸೀರಿ ಮಾಡೆಲ್ ಉಟ್ಟಿದ್ದು, ಒಂದೊಂದಕ್ಕ 4. ವೆಬ್‌ಸೈಟ್, ಇನ್‌ಸ್ಟಾಗ್ರಾಮ್, ಅಮೆಜಾನ್ ಮೂರಕ್ಕೂ ಬಳಸ್ತಾರ.

ರೇಟು ಕೇಳಿದ್ರ "ನೀ ನಮ್ಮಾವ, ಏನರ ಕೊಡತೇನಿ ಬಿಡಪಾ" ಅಂತಾನ. ಪೂರಾ ರೇಟು ಹೇಳಿದ್ರ ಮನಸಿಗೆ ಹಚ್ಚಿಕೊಳ್ತಾನೇನೋ, ಅರ್ಧಕ್ಕ ಮಾಡಿಕೊಟ್ರ ನನಗ ಗಿಟ್ಟತದೋ ಇಲ್ಲೋ ತಿಳೀವಲ್ದು. ನೀವು ಇಂಥಾದ್ದಕ್ಕ ಲೆಕ್ಕಾ ಹೆಂಗ ಹಾಕ್ತೀರಿ? ಬರದು ಕೊಡೋದು ಏನೇನು? ನಂದು ಜಿಎಸ್‌ಟಿ ನೋಂದಣಿ ಇಲ್ಲ.

ತ್ರಿಪಾದಿ:

"ದೋಸ್ತನಿಗೆ ಎಷ್ಟು" ಅಂತ ಶುರು ಮಾಡಬೇಡಿ. ಇದೇ ಕೆಲಸವನ್ನ ಗುರುತು ಪರಿಚಯ ಇಲ್ಲದವರು ತಂದಿದ್ದರೆ ಎಷ್ಟಾಗ್ತಿತ್ತು ಅಂತ ಮೊದಲು ಹಾಕಿ. ಆ ಅಂಕಿ ಕೈಲಿಲ್ಲದೆ ರಿಯಾಯ್ತಿಯ ಮಾತೇ ಎತ್ತೋಕೆ ಬರಲ್ಲ.

ಲೆಕ್ಕ ಹೀಗೆ. ಅಂಕಿಗಳು ಮಾದರಿಗೆ ಮಾತ್ರ, ನಿಮ್ಮವನ್ನ ಹಾಕಿಕೊಳ್ಳಿ. ನಾಲ್ಕೂವರೆ ಲಕ್ಷದ ಕ್ಯಾಮೆರಾ, ಲೆನ್ಸ್, ಫ್ಲ್ಯಾಶುಗಳು ಐದು ವರ್ಷ ಬಾಳಿದರೆ ವರ್ಷಕ್ಕೆ 90,000. ಸ್ಟುಡಿಯೊ ಬಾಡಿಗೆ 1,20,000. ಕಂಪ್ಯೂಟರ್, ಸಾಫ್ಟ್‌ವೇರ್, ಹಾರ್ಡ್‌ಡಿಸ್ಕ್ 40,000. ಇನ್ಶೂರೆನ್ಸ್, ರಿಪೇರಿ 20,000. ಕರೆಂಟು, ಇಂಟರ್ನೆಟ್, ಫೋನು 30,000. ಓಡಾಟ 36,000. ಲೆಕ್ಕ ಬರೆಯೋರಿಗೆ 14,000. ಒಟ್ಟು 3,50,000. ಇದು ಅಂಗಡಿ ಬಾಗಿಲು ತೆಗೆದಿಡೋಕೆ ಮಾತ್ರ, ನಿಮ್ಮ ಅನ್ನಕ್ಕಲ್ಲ. ಮನೆ ಖರ್ಚಿಗೆ ತಿಂಗಳಿಗೆ 40,000 ಅಂದ್ರೆ 4,80,000 ಸೇರಿಸಿ: 8,30,000.

ಇದನ್ನ 365ರಿಂದ ಭಾಗಿಸೋದೇ ಎಲ್ಲರೂ ಮಾಡೋ ತಪ್ಪು. ಭಾನುವಾರ, ಹಬ್ಬ, ಜ್ವರ ಕಳೆದು, ಕೊಟೇಶನ್ ಕೊಡೋದು, ಗಿರಾಕಿ ಹುಡುಕೋದು, ಲೈಟು ರಿಪೇರಿಗೆ ಓಡೋದು, ಕೆಲಸವೇ ಇಲ್ಲದ ಆಷಾಢ ಕಳೆದರೆ, ಯಾರೋ ಒಬ್ಬರು ದುಡ್ಡು ಕೊಡೋ ದಿನಗಳು (ಶೂಟು, ಎಡಿಟಿಂಗ್ ಎರಡೂ ಸೇರಿ) 140 ಸಿಕ್ಕಿದರೆ ದೊಡ್ಡದು. 8,30,000ನ 140ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 5,930. ಹೊಸ ಸಾಮಾನಿಗೆ, ಕಷ್ಟಕಾಲಕ್ಕೆ ಅಂತ ಮೇಲೆ 15-18% ಹಾಕಿದರೆ 7,000.

ಈಗ ನಿಮ್ಮ ಕೆಲಸದ ದಿನಗಳು. ಒಂದು ಸೀರೆಗೆ ಬಿಚ್ಚಿ, ಇಸ್ತ್ರಿ ಹಾಕಿ, ಜೋಡಿಸಿ, ಐದು ಫೋಟೊ ತೆಗೆದು, ವಾಪಸ್ ಮಡಚೋಕೆ 20 ನಿಮಿಷ. 40 ಸೀರೆಗೆ ಹದಿಮೂರು ಗಂಟೆ ಮೇಲೆ, ಅಂದ್ರೆ ಎರಡು ದಿನ. ಮಾಡೆಲ್ ಜತೆ 8 ಸೀರೆ, ಉಡಿಸೋದು ಸೇರಿ ಒಂದಕ್ಕೆ ಮುಕ್ಕಾಲು ಗಂಟೆ, ಇನ್ನೊಂದು ದಿನ. ಎಡಿಟಿಂಗು 200 ಫೋಟೊಗೆ ತಲಾ 6 ನಿಮಿಷ, ಮಾಡೆಲ್‌ನ 32ಕ್ಕೆ ತಲಾ 15 ನಿಮಿಷ: 28 ಗಂಟೆ, ನಾಲ್ಕು ದಿನ. ಮಾತುಕತೆ, ಬ್ಯಾಕಪ್, ಫೈಲಿಗೆ ಹೆಸರಿಡೋದು, ಕಳಿಸೋದು ಅರ್ಧ ದಿನ. ಒಟ್ಟು ಏಳೂವರೆ ದಿನ × 7,000 = 52,500.

ನಿಮ್ಮ ಕೈಯಿಂದ ಹೊರಗೆ ಹೋಗೋದು ಬೇರೆ: ಮಾಡೆಲ್ 8,000, ಮೇಕಪ್ ಮತ್ತು ಸೀರೆ ಉಡಿಸೋರಿಗೆ 5,000, ಅಸಿಸ್ಟೆಂಟ್ ಮೂರು ದಿನಕ್ಕೆ 3,600, ಇಸ್ತ್ರಿಯವರಿಗೆ ಎರಡು ದಿನಕ್ಕೆ 1,600, ಹಿನ್ನೆಲೆ ಪೇಪರು ಮತ್ತು ಸಾಗಾಟ 1,800. ಇದು 20,000. ಒಟ್ಟು ಕೊಟೇಶನ್ 72,500.

ಈಗ ನಿಮ್ಮ "ಅರ್ಧಕ್ಕ" ನೋಡೋಣ. 72,500ರ ಅರ್ಧ 36,250. ಅದರಲ್ಲಿ 20,000 ಬೇರೆಯವರಿಗೆ ಹೋಯ್ತು. ಉಳಿದ 16,250ನ ಏಳೂವರೆ ದಿನಕ್ಕೆ ಹಂಚಿದರೆ ದಿನಕ್ಕೆ 2,167. ನಿಮ್ಮ ಅಂಗಡಿ ಬಾಗಿಲು ತೆಗೆಯೋ ಖರ್ಚೇ ದಿನಕ್ಕೆ 2,500 (3,50,000 ಭಾಗ 140). ಅಂದ್ರೆ ಸಂಬಳ ಇಲ್ಲದೆ ಏಳೂವರೆ ದಿನ ದುಡಿದು, ಮೇಲಿಂದ ಮನೆ ದುಡ್ಡು ಬೇರೆ ಹಾಕಿದ ಹಾಗೆ. ಅರ್ಧ ರೇಟು ಅನ್ನೋದು ಕೇಳೋಕೆ ಅರ್ಧ, ನಿಮಗೆ ಸೊನ್ನೆಗಿಂತ ಕೆಳಗೆ.

ರಿಯಾಯ್ತಿ ಕೊಡೋದೇ ಆದರೆ ನಿಮ್ಮ 52,500ರ ಮೇಲೆ ಮಾತ್ರ ಕೊಡಿ. 20% ಅಂದ್ರೆ 10,500 ಬಿಟ್ಟು 42,000, ಜತೆಗೆ ಖರ್ಚಿನ 20,000, ಒಟ್ಟು 62,000. ಅದೇ 20%ನ ಇಡೀ 72,500ರ ಮೇಲೆ ಕೊಟ್ಟರೆ 14,500 ಬಿಟ್ಟಂತಾಗುತ್ತೆ. ನಿಮ್ಮ ದುಡಿಮೆ ಲೆಕ್ಕದಲ್ಲಿ ಅದು 27%ಗೂ ಮೇಲೆ. ಮೇಕಪ್‌ನವರು ನಿಮ್ಮ ದೋಸ್ತನಿಗೆ ದೋಸ್ತರಲ್ಲ, ಅವರ ಕೂಲಿಗೆ ರಿಯಾಯ್ತಿ ಕೊಡೋ ಹಕ್ಕು ನಮಗಿಲ್ಲ.

ಇನ್ನೊಂದು. ಬಿಲ್ಲಿನಲ್ಲಿ 52,500 ಅಂತ ಬರೆದು, ಕೆಳಗಿನ ಸಾಲಿನಲ್ಲಿ "ರಿಯಾಯ್ತಿ 10,500, ಈ ಕೆಲಸಕ್ಕೆ ಮಾತ್ರ" ಅಂತ ಕಾಣೋ ಹಾಗೆ ಬರೀರಿ. ಬರೀ 42,000 ಅಂತ ಬರೆದರೆ ಮುಂದಿನ ಸಲಕ್ಕೆ ಅದೇ ನಿಮ್ಮ ರೇಟು. ಅವರು ಕಳಿಸೋ ಹೊಸ ಗಿರಾಕಿಗಳಿಗೂ ಅದೇ ಅಂಕಿ ಮುಟ್ಟಿರುತ್ತೆ.

ನೂಲಿನಂಚು:

ಮೇಲಿನ ಲೆಕ್ಕದಲ್ಲಿ 20 ನಿಮಿಷ, 6 ನಿಮಿಷ ಅನ್ನೋದು ಸಾದಾ ಕಾಟನ್ ಸೀರೆಗೆ ಸರಿ. ಇಳಕಲ್‌ಗೆ ಹಾಗೇ ಹಿಡಿದರೆ ಕೈ ಕಚ್ಚುತ್ತೆ. ರೇಟು ಹೇಳೋಕೆ ಮುಂಚೆ ಮೂರು ಸೀರೆ ತರಿಸಿಕೊಂಡು ಪೂರ್ತಿ ಮಾಡಿ ನೋಡಿ, ಗಡಿಯಾರ ಹಿಡಿದು. ಯಾವ ಮೂರು ಅಂದ್ರೆ: ಕೆಂಪು ಟೋಪ್ ತೆನಿ ಸೆರಗು (ಇಳಕಲ್‌ನ ಸಾಂಪ್ರದಾಯಿಕ ಕೆಂಪು ರೇಷ್ಮೆ ಸೆರಗು) ಇರೋದೊಂದು, ಒಡಲಿನಲ್ಲಿ ಸಣ್ಣ ಚೌಕಳಿ ಇರೋದೊಂದು, ಕಪ್ಪು ಒಡಲಿನ ಚಂದ್ರಕಾಳಿ ಒಂದು. ಯಾಕೆ ಅಂತ ಹೇಳ್ತೀನಿ.

ಇಳಕಲ್ ಸೀರೆಯ ಚೆಂದ ಇರೋದೇ ಆ ಸೆರಗಿನಲ್ಲಿ. ಒಡಲಿನ ಹಾಸುದಾರಕ್ಕೆ (ಮಗ್ಗದ ಉದ್ದದ ಎಳೆಗಳಿಗೆ) ಸೆರಗಿನ ಹಾಸುದಾರವನ್ನ ಕೊಂಡಿ ಹಾಕಿ ಕೂಡಿಸಿ ನೇಯ್ತಾರೆ. ಸೆರಗಿನ ಕೆಂಪು ರೇಷ್ಮೆ ಕ್ಯಾಮೆರಾದ ಕೆಂಪು ಚಾನೆಲ್‌ನ (ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನ ಬೇರೆಬೇರೆಯಾಗಿ ಹಿಡಿಯುತ್ತೆ) ಉಳಿದೆರಡಕ್ಕಿಂತ ಎಷ್ಟೋ ಮುಂಚೆ ತುಂಬಿಸಿಬಿಡುತ್ತೆ. ಬಿಳಿ ಹಿಸ್ಟೊಗ್ರಾಮ್ (ಫೋಟೊದ ಬೆಳಕಿನ ಹಂಚಿಕೆ ತೋರಿಸೋ ಗ್ರಾಫು) ಒಂದನ್ನೇ ನೋಡಿದರೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತೆ, ಆದರೆ ಫೋಟೊದಲ್ಲಿ ನೇಯ್ಗೆಯೇ ಇಲ್ಲ, ಕೆಂಪು ಬಣ್ಣ ಬಳಿದ ಹಲಗೆ ಇದ್ದ ಹಾಗೆ ಇರುತ್ತೆ. ಮೂರು ಬಣ್ಣದ ಹಿಸ್ಟೊಗ್ರಾಮ್ ಹಾಕಿಕೊಂಡು ಕೆಂಪು ಬಲಗೋಡೆಗೆ ಬಡಿಯದ ಹಾಗೆ ಎಕ್ಸ್‌ಪೋಶರ್ ಮೂರನೇ ಎರಡರಷ್ಟು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾದ ಕಚ್ಚಾ ಫೈಲು) ಒಡಲಿನ ಬೆಳಕನ್ನ ಎತ್ತಿಕೊಳ್ಳಿ. ಅಂದ್ರೆ ಪ್ರತಿ ಸೆರಗಿನ ಫೋಟೊಗೆ ಮಾಸ್ಕ್ ಹಾಕೋ (ಒಂದು ಭಾಗ ಮಾತ್ರ ಆರಿಸಿ ತಿದ್ದೋ) ಕೆಲಸ ಇದೆ. 6 ನಿಮಿಷ ಅಲ್ಲ, 10 ಹಿಡೀರಿ.

ಸಣ್ಣ ಚೌಕಳಿ ಒಡಲು, ಗುಳೇದಗುಡ್ಡದ ಖಣ ಎರಡರಲ್ಲೂ ನೇಯ್ಗೆಯ ಗೆರೆ ಸೆನ್ಸರಿನ ಗೆರೆಗೆ ತಾಕಿ ಕಾಮನಬಿಲ್ಲಿನಂಥ ಅಲೆ ಏಳುತ್ತೆ, ಮೋಯರೆ. ಎಡಿಟಿಂಗಿನಲ್ಲಿ ತೆಗೆಯೋಕೆ ಹೋದರೆ ನಿಜವಾದ ಬಣ್ಣವೂ ಮಾಸುತ್ತೆ. ತೆಗೆಯುವಾಗಲೇ ಕ್ಯಾಮೆರಾನ ಒಂದು ಗೇಣು ಹಿಂದೆ ಮುಂದೆ ಮಾಡಿ ಅಥವಾ ಬಟ್ಟೆಯನ್ನ ನಾಲ್ಕೈದು ಡಿಗ್ರಿ ತಿರುಗಿಸಿ. ಅದಕ್ಕೂ ಹೋಗದಿದ್ದರೆ ಲೆನ್ಸಿನ ಕಿಂಡಿಯನ್ನ ಎಫ್/16ಕ್ಕೆ ಇಳಿಸಿ, ಸ್ವಲ್ಪ ಮೆತ್ತಗಾದರೂ ಅಲೆ ಇಳಿಯುತ್ತೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೂರಕ್ಕೆ ನೂರು ಅಳತೆಯಲ್ಲಿ ನೋಡದ ಹೊರತು ಇದು ಕಣ್ಣಿಗೆ ಬೀಳಲ್ಲ. ಸಣ್ಣದಾಗಿ ನೋಡಿದಾಗ ಕಾಣೋ ಅಲೆ ಕೆಲವು ಸಲ ಪರದೆಯದೇ ಆಗಿರುತ್ತೆ, ಅದಕ್ಕೂ ನೂರಕ್ಕೆ ನೂರು ನೋಡಲೇಬೇಕು.

ಕಪ್ಪು ಒಡಲಿಗೆ ಮೇಲಿಂದ ನೇರ ಬೆಳಕು ಹಾಕಿದರೆ ದಾರ ಕಾಣಲ್ಲ. ಪಕ್ಕದಿಂದ ತಗ್ಗಿನಲ್ಲಿ ಒಂದು ಸ್ಟ್ರಿಪ್ ಸಾಫ್ಟ್‌ಬಾಕ್ಸ್ (ಬೆಳಕನ್ನ ಮೆತ್ತಗೆ ಮಾಡೋ ಉದ್ದನೆ ಪೆಟ್ಟಿಗೆ) ಹಾಯಿಸಿ.

ಇದೆಲ್ಲ ರೇಟಿನ ಪ್ರಶ್ನೆಗೆ ಯಾಕೆ ಬೇಕು ಅಂದ್ರೆ, ಸೀರೆ ವ್ಯಾಪಾರದಲ್ಲಿ ಜಗಳ ಶುರುವಾಗೋದು ಬಣ್ಣದಿಂದ. ಗಿರಾಕಿ "ಫೋಟೊದಲ್ಲಿ ಬೇರೆ ಇತ್ತು" ಅಂತ ವಾಪಸ್ ಕಳಿಸಿದ ದಿನ ಗೆಳೆಯನ ಫೋನು ನಿಮಗೇ ಬರೋದು, ಅವತ್ತಿಂದ ಮರು ಎಡಿಟಿಂಗು ಬಿಟ್ಟಿ. ಅದಕ್ಕೆ ಮೊದಲೇ ಕಟ್ಟುಪಾಡು: ಲೈಟು ಬದಲಿಸಿದಾಗೆಲ್ಲ ಕಲರ್ ಚೆಕರ್ (ಬಣ್ಣ ಹೊಂದಿಸೋಕೆ ಗೊತ್ತಾದ ಬಣ್ಣಗಳ ಪಟ್ಟಿ) ಇಟ್ಟು ಒಂದು ಫೋಟೊ, ಕಿಟಕಿ ಮುಚ್ಚಿ ಫ್ಲ್ಯಾಶ್ ಬೆಳಕು ಒಂದೇ, ಫೈಲು ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ಮಾನಕ). ಮೊದಲ ಐದು ಸೀರೆ ಮುಗಿದ ಮೇಲೆ ಗೆಳೆಯನನ್ನ ಕರೆಸಿ, ಸೀರೆಯನ್ನ ಕೈಯಲ್ಲಿ ಹಿಡಿಸಿ, ನಿಮ್ಮ ಕ್ಯಾಲಿಬ್ರೇಟ್ ಮಾಡಿದ ಮಾನಿಟರಿನ ಮುಂದೆ ಒಪ್ಪಿಗೆ ತಗೊಳ್ಳಿ. ಅವರ ಫೋನು "ವಿವಿಡ್" ಮೋಡಿನಲ್ಲಿದ್ದರೆ ಕೆಂಪು ಉರಿಯುತ್ತೆ, ಅದನ್ನ ನೋಡಿ ಒಪ್ಪೋದೂ ಬೇಡ, ಬೈಯೋದೂ ಬೇಡ. ಒಪ್ಪಿದ ಮೇಲೆ ಒಂದು ಸುತ್ತು ತಿದ್ದುಪಡಿ ರೇಟಿನ ಒಳಗೆ. ಆಮೇಲಿನದಕ್ಕೆ ಫೋಟೊ ಲೆಕ್ಕದಲ್ಲಿ ದುಡ್ಡು ಅಂತ ಕಾಗದದಲ್ಲಿರಲಿ.

ಅಮೆಜಾನ್‌ನ ಮೊದಲ ಚಿತ್ರಕ್ಕೆ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರೂ 255, ಸರಕು ಚೌಕಟ್ಟಿನ 85% ತುಂಬಿರಬೇಕು. ಝೂಮ್ ಆಗೋಕೆ ಉದ್ದದ ಬದಿ 1,000 ಪಿಕ್ಸೆಲ್‌ಗೆ ಕಮ್ಮಿ ಇರಬಾರದು. ವೆಬ್‌ಸೈಟಿಗೆ ಅವರು ಮರದ ಮೇಜಿನ ಹಿನ್ನೆಲೆ ಕೇಳಿದರೆ ಅದು ಆರನೇ ಫೋಟೊ. "ಅದನ್ನೇ ಸ್ವಲ್ಪ ಬದಲಾಯಿಸಿಕೊಡು" ಅಂದ್ರೆ ಇನ್ನೂ 40 ಫೋಟೊ ಕತ್ತರಿಸೋ ಕೆಲಸ.

ಅರೆನೆರಳು:

ನಾನು 20% ರಿಯಾಯ್ತಿಯನ್ನ ಒಪ್ಪಲ್ಲ. ಒಂದೋ ಪೂರಾ ರೇಟು, ಇಲ್ಲವೋ ಪೂರಾ ಉಚಿತ. ನಡುವಿನದು ಎರಡೂ ಕಡೆ ಕೊರಗು ಉಳಿಸುತ್ತೆ: ಕೊಟ್ಟವನಿಗೆ "ದುಡ್ಡು ಕೊಟ್ಟಿದ್ದೀನಲ್ಲ" ಅಂತ, ಮಾಡಿದವನಿಗೆ "ಇಷ್ಟಕ್ಕೆ ಇಷ್ಟೊಂದಾ" ಅಂತ. ಒಡಹುಟ್ಟಿದವರು, ಜೀವದ ಗೆಳೆಯ ಅಂದ್ರೆ ಉಡುಗೊರೆಯಾಗಿ ಮಾಡಿಕೊಡಿ. ಆಗಲೂ 52,500ರ ಬಿಲ್ಲು ಬರೆದು, ಕೆಳಗೆ ಉಡುಗೊರೆ ಅಂತ ಕಳೆದು ತೋರಿಸಿ. ಹೊರಗಿನ ಖರ್ಚು 20,000 ಮಾತ್ರ ಅವರೇ ನೇರವಾಗಿ ಕೊಡಲಿ. ಆದರೆ ಪಾಲುದಾರ ಇದ್ದಾನೆ ಅಂತ ನೀವೇ ಬರೆದಿದ್ದೀರಿ. ಆತನಿಗೂ ನಿಮಗೂ ಏನು ಸಂಬಂಧ? ಲಾಭ ಬಂದ ದಿನ ಅರ್ಧ ಆತನ ಜೇಬಿಗೇ ಹೋಗೋದು.

ಬಜೆಟ್ ಇಲ್ಲ ಅಂದ್ರೆ ರೇಟು ಇಳಿಸೋ ಬದಲು ಕೆಲಸ ಇಳಿಸಿ. ಮಾಡೆಲ್ ಬಿಟ್ಟು, ಸೀರೆಗೆ 5ರ ಬದಲು 3 ಫೋಟೊ (ಮಡಚಿದ್ದು, ಸೆರಗು, ದಡಿ) ಅಂದ್ರೆ 120 ಫೋಟೊ. ಶೂಟು ಒಂದೂವರೆ ದಿನ, ಎಡಿಟಿಂಗು ಎರಡು ದಿನ, ಉಳಿದದ್ದು ಅರ್ಧ ದಿನ. ನಾಲ್ಕು ದಿನಕ್ಕೆ 28,000, ಅಸಿಸ್ಟೆಂಟು, ಇಸ್ತ್ರಿ, ಪೇಪರು, ಸಾಗಾಟ ಸೇರಿ 5,800. 33,800ಕ್ಕೆ ಅಂಗಡಿ ತೆರೆಯುತ್ತೆ. ಮಾಡೆಲ್ ಶೂಟು ಮೊದಲ ದೀಪಾವಳಿ ವ್ಯಾಪಾರ ಆದ ಮೇಲೆ ಮಾಡಿಕೊಳ್ಳಲಿ. ಹೊಸ ಅಂಗಡಿಗೆ ಇದೇ ಒಳ್ಳೇದು ಕೂಡ, ಯಾವ 8 ಸೀರೆ ಓಡ್ತವೆ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತೆ.

ತ್ರಿಪಾದಿ:

ಕೆಲಸ ಇಳಿಸೋ ದಾರಿ ನನಗೂ ಒಪ್ಪಿಗೆ, ನನ್ನ 20%ಗಿಂತ ಅದೇ ಮೇಲು. ಎರಡೂ ಕೊಟೇಶನ್ ಒಂದೇ ಹಾಳೆಯಲ್ಲಿ ಕೊಡಿ, ಆರಿಸಿಕೊಳ್ಳೋದು ಅವರ ಪಾಲಿಗಿರಲಿ. ನೂಲಿನಂಚು ಹೇಳಿದ 10 ನಿಮಿಷದ ಮಾತೂ ಸರಿ. 40 ಸೆರಗಿನ ಫೋಟೊಗೆ ತಲಾ 4 ನಿಮಿಷ ಹೆಚ್ಚಂದ್ರೆ 160 ನಿಮಿಷ, ಎರಡೂ ಕೊಟೇಶನ್‌ಗೆ ಅರ್ಧ ದಿನ ಅಂದ್ರೆ 3,500 ಸೇರಿಸಿ: ದೊಡ್ಡದು 76,000, ಚಿಕ್ಕದು 37,300.

ಲೆಕ್ಕಪತ್ರ:

ಕಾಗದ, ತೆರಿಗೆ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಗೆಳೆಯರ ಕೆಲಸದಲ್ಲಿ ಇದನ್ನೇ ಬಿಡೋದು.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಫೋಟೊ ತೆಗೆದವರೇ ಮೊದಲ ಮಾಲೀಕರು. ಆದರೆ ಅದೇ ಕಲಮಿನಲ್ಲಿ ಒಂದು ಹೊರತು ಇದೆ: ಬೇರೆಯವರು ಹೇಳಿ, ಪ್ರತಿಫಲ ಕೊಟ್ಟು ತೆಗೆಸಿದ ಫೋಟೊ ಆಗಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಅಂದ್ರೆ ನೀವು ಬಾಯಿ ಮಾತಿನಲ್ಲಿ 62,000 ತಗೊಂಡು ಫೋಟೊ ಕೊಟ್ಟರೆ ಹಕ್ಕು ಪೂರ್ತಿ ಅವರದು. ಹೋರ್ಡಿಂಗಿಗೆ ಹಾಕಬಹುದು, ಇನ್ನೊಂದು ಅಂಗಡಿಗೆ ಕೊಡಬಹುದು, ನೀವು ನಿಮ್ಮ ಪೋರ್ಟ್‌ಫೋಲಿಯೊಗೆ ಹಾಕೋಕೂ ಅವರನ್ನ ಕೇಳಬೇಕು. ಉಲ್ಟಾ, ಬಿಟ್ಟಿ ಮಾಡಿದರೆ ಹಕ್ಕು ನಿಮ್ಮಲ್ಲೇ, ಅವರ ಕೈಲಿ ಬಳಸೋಕೆ ಬರಹದ ಅನುಮತಿಯೇ ಇಲ್ಲ. ಖರ್ಚು ಮಾತ್ರ ಅವರು ಕೊಟ್ಟರೆ ಅದು ಪ್ರತಿಫಲವೋ ಅಲ್ಲವೋ ಅಂತ ಜಗಳಕ್ಕೆ ದಾರಿ. ಹಾಗಾಗಿ ಯಾವ ದಾರಿಯಲ್ಲಿ ಮಾಡಿದರೂ ಒಂದು ಪುಟ ಬರೆದು ಎರಡೂ ಕಡೆಯವರು ಸಹಿ ಹಾಕಿ.

ಅನುಮತಿಯಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾಯ್ದೆ ಐದು ವರ್ಷ ಅಂತ ಹಿಡಿಯುತ್ತೆ, ಎಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಅಂತ. ಇಳಕಲ್ ಸೀರೆಯನ್ನ ಅಮೆರಿಕದ ಕನ್ನಡಿಗರಿಗೂ ಮಾರೋ ಯೋಚನೆ ಇದ್ದರೆ ಅದನ್ನ ಬರೆಯಲೇಬೇಕು. ಸಾಲು ಹೀಗಿದ್ದರೆ ಸಾಕು: "ಈ 232 ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕರಲ್ಲೇ ಉಳಿಯುತ್ತದೆ. ಸಂಸ್ಥೆಯು ಇವನ್ನು ತನ್ನ ವೆಬ್‌ಸೈಟ್, ಸಾಮಾಜಿಕ ಜಾಲತಾಣದ ಖಾತೆ ಹಾಗೂ ಆನ್‌ಲೈನ್ ಮಾರಾಟ ತಾಣಗಳಲ್ಲಿ, ಎಲ್ಲ ದೇಶಗಳಲ್ಲಿ, ಮೂರು ವರ್ಷ ಬಳಸಬಹುದು. ಮುದ್ರಣ, ಹೋರ್ಡಿಂಗ್ ಹಾಗೂ ಬೇರೆ ಸಂಸ್ಥೆಗಳಿಗೆ ಕೊಡುವುದು ಇದರಲ್ಲಿ ಸೇರಿಲ್ಲ."

ಜಿಎಸ್‌ಟಿ: ಕರ್ನಾಟಕದಲ್ಲಿ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ವಸೂಲಿ ಮಾಡೋ ಹಾಗಿಲ್ಲ, ಸಾದಾ ಬಿಲ್ಲು ಕೊಡಿ. ನೋಂದಣಿ ಇದ್ದವರಿಗೆ 18%, ಮತ್ತು ಬಿಲ್ಲಿನಲ್ಲೇ ರಿಯಾಯ್ತಿ ತೋರಿಸಿದ್ದರೆ ಕಳೆದುಳಿದ ಮೊತ್ತಕ್ಕೆ ಮಾತ್ರ ತೆರಿಗೆ. ತ್ರಿಪಾದಿಯವರ ಆ ಸಾಲು ಇಲ್ಲೂ ಕೆಲಸಕ್ಕೆ ಬರುತ್ತೆ.

"ದುಡ್ಡಿನ ಬದಲು ಸೀರೆ ತಗೋ" ಅಂತ ಬಂದರೆ ಎಚ್ಚರ. ಸರಕು ಕೊಟ್ಟು ಸೇವೆ ಪಡೆಯೋದೂ ವಹಿವಾಟೇ, ಆದಾಯವೇ. ಸೀರೆಗೆ ಅವರು ಮಾರೋ ಬೆಲೆ ಹಾಕ್ತಾರೋ ನೇಕಾರರಿಗೆ ಕೊಟ್ಟ ಬೆಲೆ ಹಾಕ್ತಾರೋ ಅಂತ ಮೊದಲೇ ಇತ್ಯರ್ಥ ಆಗಬೇಕು. ಬಿಲ್ಲು ಯಾವತ್ತೂ ಸಂಸ್ಥೆಯ ಹೆಸರಿಗೆ ಇರಲಿ, ಗೆಳೆಯನ ಹೆಸರಿಗೆ ಬೇಡ. ನಾಳೆ ಪಾಲುದಾರರು ಬೇರೆ ಆದರೆ "ಅದು ನೀನು ನಿನ್ನ ದೋಸ್ತನಿಗೆ ಮಾಡಿದ್ದು" ಅನ್ನೋ ಮಾತು ಬರಬಾರದು.

ಬೆಳಕಿಂಡಿ:

ಭಾಳ ಉಪಕಾರ ಆತ್ರಿ. ಅರ್ಧ ರೇಟಿನ ಲೆಕ್ಕಾ ನೋಡಿ ಎದಿ ಧಸಕ್ ಅಂತು. ಎರಡೂ ಕೊಟೇಶನ್ ಬರದು ಕೊಡತೇನಿ. ಇನ್ನೆರಡು ಕೇಳ್ಲಿ? ಮಾಡೆಲ್ ಬ್ಯಾಡ, ನಮ್ಮ ವೈನಿನೇ (ಅಣ್ಣನ ಹೆಂಡತಿ) ಉಡ್ತಾರ, ರೊಕ್ಕಾ ಕೊಡೂದು ಬ್ಯಾಡ ಅಂತಾನ. ಮತ್ತ "ಮೊದಲ ಆರ್ಡರ್ ಬರ್ಲಿ, ಆಮ್ಯಾಲ ಕೊಡತೇನಿ" ಅಂತಾನ. ಏನ್ ಹೇಳ್ಲಿ?

ತ್ರಿಪಾದಿ:

ಎರಡನೇದಕ್ಕೆ ಮೊದಲು: "ಆಮೇಲೆ" ಅನ್ನೋದಕ್ಕೆ ತಾರೀಕು ಇಲ್ಲದಿದ್ದರೆ ಅದು ಸಾಲವೂ ಅಲ್ಲ, ಉಡುಗೊರೆಯೂ ಅಲ್ಲ. ಹೊರಗಿನ ಖರ್ಚಿನ 20,000 ಶೂಟಿನ ಮುಂಚೆಯೇ ಪೂರ್ತಿ ಬರಬೇಕು, ಅದರಲ್ಲಿ ಮುಲಾಜು ಬೇಡ. ನಿಮ್ಮ ದುಡಿಮೆಯ ಅರ್ಧ ಕ್ಯಾಮೆರಾ ಎತ್ತೋ ಮುಂಚೆ, ಇನ್ನರ್ಧ ದೊಡ್ಡ ಫೈಲು ಕೊಡೋ ಮುಂಚೆ. ನಿಜವಾಗಿಯೂ ಕೈ ಬಿಗಿ ಇದೆ ಅಂದ್ರೆ ಆ ಇನ್ನರ್ಧವನ್ನ ಮೂರು ಕಂತು ಮಾಡಿ, ಪ್ರತಿ ತಿಂಗಳ 5ನೇ ತಾರೀಕು ಅಂತ ಬರೆದು, ಕಂತಿಗೆ ತಕ್ಕ ಹಾಗೆ ಸೀರೆಗಳ ಫೈಲು ಕೊಡ್ತಾ ಹೋಗಿ. ಅಂಗಡಿಯೂ ಹಂತ ಹಂತವಾಗಿ ತುಂಬುತ್ತೆ. ಒಪ್ಪಿಗೆಗೆ ಕಳಿಸೋ ಫೋಟೊ ಉದ್ದದ ಬದಿ 800 ಪಿಕ್ಸೆಲ್, ವಾಟರ್‌ಮಾರ್ಕ್ ಸಮೇತ. ರಾ ಫೈಲು ಯಾರಿಗೂ ಬೇಡ.

ಹೇಳೋದು ಹೀಗೆ: "ದೋಸ್ತ, ಇದು ನಿನ್ನ ಅಂಗಡಿ ಖರ್ಚಿನ ಪಟ್ಟಿಯೊಳಗ ಬರಬೇಕು. ಎರಡು ಕೊಟೇಶನ್ ಕಳಿಸೇನಿ, ನಿಮ್ಮ ಪಾಲುದಾರನ ಜೋಡಿ ಕೂತು ನೋಡಿ ಶನಿವಾರದೊಳಗ ಹೇಳು." ಅಷ್ಟೇ. ವಿವರಣೆ ಹೆಚ್ಚಾದಷ್ಟೂ ಚೌಕಾಸಿಗೆ ಎಡೆ.

ನೂಲಿನಂಚು:

ವೈನಿ ಉಟ್ಟರೆ ತಪ್ಪಿಲ್ಲ, ಇಳಕಲ್ ಉಟ್ಟು ರೂಢಿ ಇರೋರ ಮೈಮೇಲೆ ನೆರಿಗೆ ಕೂರೋ ಚೆಂದವೇ ಬೇರೆ. ಆದರೆ ದುಡ್ಡು ಕೊಡಲಿ ಬಿಡಲಿ, ಮಾಡೆಲ್ ಒಪ್ಪಿಗೆ ಪತ್ರಕ್ಕೆ ಸಹಿ ಬೇಕೇ ಬೇಕು: ಯಾವ ಫೋಟೊ, ಎಲ್ಲೆಲ್ಲಿ, ಎಷ್ಟು ವರ್ಷ. ನಾಳೆ ಅವರ ಮುಖ ಜಾಹೀರಾತಿನಲ್ಲಿ ಓಡಾಡಿದಾಗ ಮನೆಯವರು ಬೇಡ ಅಂದ್ರೆ 32 ಫೋಟೊನೂ ತೆಗೀಬೇಕಾಗುತ್ತೆ. ಕೊಟೇಶನ್‌ನಿಂದ 8,000 ಕಳೀರಿ, ಆದರೆ ಕ್ಯಾಮೆರಾ ಮುಂದೆ ನಿಲ್ಲೋ ಅಭ್ಯಾಸ ಇಲ್ಲದವರಿಗೆ ಸೀರೆಗೆ ಮುಕ್ಕಾಲು ಗಂಟೆ ಸಾಲಲ್ಲ, ಒಂದು ಗಂಟೆ ಮೇಲೆ ಹಿಡೀರಿ. ಒಂದೇ ದಿನದಲ್ಲಿ ಮುಗಿಸಬೇಕು ಅಂದ್ರೆ 8ರ ಬದಲು 6 ಸೀರೆ.

ಇನ್ನೊಂದು, ಸೀರೆ ನಿಮ್ಮ ಸ್ಟುಡಿಯೊಗೆ ಬಂದ ಕೂಡಲೇ ನಂಬರು ಚೀಟಿ ಕಟ್ಟಿ ಎಣಿಸಿ ಬರೆದುಕೊಳ್ಳಿ. ಮೊದಲೇ ಇರೋ ಕಲೆ, ಎಳೆ ಕಿತ್ತಿರೋದು ಇದ್ದರೆ ಫೋನಿನಲ್ಲಿ ಒಂದೊಂದು ಫೋಟೊ ತೆಗೆದು ಗೆಳೆಯನಿಗೆ ಅವತ್ತೇ ಕಳಿಸಿ. ಇಸ್ತ್ರಿ ಮಾಡುವಾಗ ರೇಷ್ಮೆ ಸೆರಗಿಗೆ ನೇರ ಬಿಸಿ ಬೇಡ, ಮೇಲೆ ತೆಳು ಕಾಟನ್ ಬಟ್ಟೆ ಹಾಕಿಸಿ, ಉಗಿಯ ಹನಿ ಬಿದ್ದರೆ ಕಲೆ ನಿಲ್ಲುತ್ತೆ. ವಾಪಸ್ ಕೊಡುವಾಗ ಅದೇ ಪಟ್ಟಿ ಮೇಲೆ ಸಹಿ.